ಬಲಗೈ ಗೋಡೆ

ಪುಣೆಯ ಬಿಬವೇವಾಡಿಯ ಆ ಓಣಿಯಲ್ಲಿ ಶಿವಕಾಂತಾ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೇಣುವಿನ ತಾಯಿ ಎಂದರೆ ಮಾತ್ರ ಕಿರಾಣಿ ಅಂಗಡಿಯವನಿಂದ ಇಸ್ತ್ರಿಯವನ ತನಕ ಎಲ್ಲರೂ ಬೆರಳು ಮಾಡಿ ತೋರಿಸುತ್ತಿದ್ದರು. ಸಂಜೆ ತಾಯಿಯ ಜೊತೆ ಹಾಲು ತರಲು ಹೊರಟರೆ ರೇಣು ಬಲಗೈಯನ್ನು ಗೋಡೆಗೆ ಹಚ್ಚಿಕೊಂಡೇ ನಡೆಯುತ್ತಿದ್ದಳು. ಗೋಡೆ ಮುಗಿದರೆ ಕಾಂಪೌಂಡು, ಕಾಂಪೌಂಡು ಮುಗಿದರೆ ನಿಂತ ರಿಕ್ಷಾ, ರಿಕ್ಷಾ ಮುಗಿದರೆ ಯಾವುದೋ ಅಂಗಡಿಯ ಶಟರು. ಕೈಗೆ ಏನೂ ಸಿಗದ ಜಾಗ ಬಂದರೆ ಅಲ್ಲೇ ನಿಂತುಬಿಡುವಳು. ಆಗ ಶಿವಕಾಂತಾ ಅವಳ ಬಲಕ್ಕೆ ಬಂದು, ಮುಂದಿನ ಗೋಡೆ ಸಿಗುವವರೆಗೆ ತಾನೇ ಗೋಡೆಯಾಗಿ ನಡೆಯಬೇಕು.

ಶಿವಕಾಂತಾ ಪುಣೆಯಲ್ಲೇ ಹುಟ್ಟಿ ಬೆಳೆದವಳು. ತಂದೆ ಫಕೀರಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮನೆಯೊಳಗೆ ಆಳಂದದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಡಿಪ್ಲೊಮಾ ಮುಗಿಸಿ ಸಾತಾರಾ ರಸ್ತೆಯ ಒಬ್ಬ ಆರ್ಕಿಟೆಕ್ಟರ ಆಫೀಸು ಸೇರಿದಳು. ಕಾಗದದ ಮೇಲಿನ ಮನೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸುವುದು ಅಲ್ಲಿ ಅವಳ ಕೆಲಸ. ನಕ್ಷೆಯಲ್ಲಿ ಇರುವುದು ಬರೀ ಗೆರೆ ಮತ್ತು ಅಂಕಿ. ಆ ಗೆರೆಗೆ ದಪ್ಪ ಕೊಟ್ಟು ಗೋಡೆ ಮಾಡಬೇಕು, ಗೋಡೆ ಕೊರೆದು ಕಿಟಕಿ ಇಡಬೇಕು, ಟೈಲ್ಸ್ ಹಾಸಬೇಕು, ಅಡುಗೆ ಕಟ್ಟೆಗೆ ಕರಿ ಕಲ್ಲು ಕೂಡಿಸಬೇಕು. ಆಮೇಲೆ ಮನೆ ಕೊಳ್ಳುವವರು ಪರದೆಯ ಮುಂದೆ ಕುಳಿತು, ಇನ್ನೂ ಪಾಯ ತೋಡದ ಮನೆಯೊಳಗೆ ಅಡ್ಡಾಡಿ, "ಇಲ್ಲಿ ಫ್ರಿಜ್ ಇಡೋಣ" ಎಂದು ಜಗಳಾಡುತ್ತಾರೆ. ಆ ಜಗಳ ಕೇಳುವುದೆಂದರೆ ಅವಳಿಗೆ ಖುಷಿ.

ರೇಣು ಹುಟ್ಟಿ, ಅವಳು ಉಳಿದ ಮಕ್ಕಳಂತಲ್ಲ ಎಂದು ತಿಳಿದ ಮೇಲೆ ಶಿವಕಾಂತಾ ಮನೆಯಿಂದಲೇ ಕೆಲಸ ಮಾಡತೊಡಗಿದಳು. ಗಂಡ ಅಂಬಾದಾಸ ಬಾರಾಮತಿಯ ಹಾಲಿನ ಕಾರ್ಖಾನೆಯಲ್ಲಿ ಸೂಪರ್‌ವೈಜರ್. ಶನಿವಾರ ಬಂದರೆ ಸೋಮವಾರ ನಸುಕಿನ ಬಸ್ಸಿಗೆ ವಾಪಸು. ಮನೆಯಲ್ಲಿ ಅತ್ತೆ ಚಂದಮ್ಮ. ಮೊಮ್ಮಗಳು ಕಿರುಚಿದರೆ ಬಾಗಿಲು ಹಾಕುವುದು, ಅಕ್ಕಪಕ್ಕದವರು ಕೇಳಿದರೆ "ಹಲ್ಲ ಬರಾಕತ್ತಾವ್ರಿ" ಎನ್ನುವುದು ಅವರ ಕೆಲಸ. ಹುಡುಗಿಗೆ ಆಗ ಹಾಲುಹಲ್ಲು ಉದುರುವ ವಯಸ್ಸು. ಆದರೂ ಹಾಗೇ ಹೇಳುತ್ತಿದ್ದರು.

ಶಿವಕಾಂತಾಳ ಹೆದರಿಕೆ ಬೇರೆಯೇ ಇತ್ತು. ರೇಣುವಿಗೆ ಮೊದಲು ನಾಲ್ಕಾರು ಮಾತು ಬರುತ್ತಿದ್ದವು. ಅವ್ವಾ, ನೀರ, ಗಾಡಿ, ಬ್ಯಾಡ. ಮೂರು ತುಂಬಿದಾಗ ಎರಡು ಓಣಿ ಆಚೆಯ ಮನೆಯಿಂದ ಈ ಬಾಡಿಗೆ ಮನೆಗೆ ಬಂದರು. ಬಂದ ದಿನ ಹುಡುಗಿ ಬಾಗಿಲ ಸಂದಿಯಲ್ಲಿ ಕುಳಿತವಳು ಏಳಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಮಾತು ಒಂದೊಂದಾಗಿ ಆರಿಹೋದವು. ಕಡೆಗೆ ಹೋದದ್ದು ಅವ್ವಾ. ಅದು ಮರಳಿ ಬರಲು ವರ್ಷಗಳೇ ಬೇಕಾದವು. ಹಿಂದಿನ ಯುಗಾದಿಯ ಸುಮಾರಿಗೆ, ಹೂರಣ ರುಬ್ಬುತ್ತಿದ್ದ ಶಿವಕಾಂತಾಳ ಸೆರಗು ಜಗ್ಗಿ, "ಅವ್ವಾ, ನೀರ" ಎಂದಾಗ ಅವಳು ಹೂರಣದ ಕೈಯಲ್ಲೇ ಮಗಳನ್ನು ತಬ್ಬಿಕೊಂಡಿದ್ದಳು.

ಈಗ ಈ ಬಾಡಿಗೆ ಮನೆಯಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆಂದು ಸುದ್ದಿ ಬಂತು. ದೀಪಾವಳಿಯೊಳಗೆ ಎಲ್ಲರೂ ಖಾಲಿ ಮಾಡಬೇಕು. ಪುಣ್ಯಕ್ಕೆ ಕಾತ್ರಜದ ಕಡೆ ಇವರೂ ಒಂದು ಫ್ಲಾಟ್ ಬುಕ್ ಮಾಡಿದ್ದರು, ಅದೂ ಅಷ್ಟರಲ್ಲಿ ಸಿದ್ಧವಾಗುವುದಿತ್ತು. ಬೇರೆಯವರಾದರೆ ಸ್ವಂತ ಮನೆ ಎಂದು ಕುಣಿಯುತ್ತಿದ್ದರು. ಶಿವಕಾಂತಾಳಿಗೆ ಅನ್ನ ಇಳಿಯಲಿಲ್ಲ. ಮತ್ತೆ ಮಾತು ಹೋದರೆ? ಹೋದದ್ದು ಈ ಸಲ ಬರದೇ ಹೋದರೆ?

"ಹೊಸ ಜಾಗ ಮೊದಲೇ ಪರಿಚಯ ಆದರೆ ಅರ್ಧ ಹೆದರಿಕೆ ಕಡಿಮೆ" ಎಂದಿದ್ದರು ರೇಣುವಿಗೆ ಮಾತು ಕಲಿಸುವ ಮೇಡಂ. "ಆದರೆ ಅರೆಬರೆ ಕಟ್ಟಿದ ಮನೆಗೆ ಕರೆದೊಯ್ಯಬೇಡಿ. ಫೋಟೋ ಇದ್ದರೆ ತೋರಿಸಿ."

ಫೋಟೋ ಯಾಕೆ? ತನ್ನ ಕೈಯಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಇದೆಯಲ್ಲ. ಆಫೀಸಿನ ಗೆಳತಿ ಸೋನಾಲಿಯ ಮೂಲಕ ಕಟ್ಟಡದ ನಕ್ಷೆ ತರಿಸಿ, ಅದೇ ವಾರ ಕೆಲಸಕ್ಕೆ ಕುಳಿತಳು.

ನಕ್ಷೆಯಲ್ಲಿ ಲಿಫ್ಟಿನ ಆಚೆ ಈಚೆ ಎರಡು ಫ್ಲಾಟು. ಒಂದನ್ನು ಮಾತ್ರ ಪೂರ್ತಿ ಬರೆದಿದ್ದರು. ಇನ್ನೊಂದರ ಜಾಗ ಖಾಲಿ, ನಡುವೆ ‘ಮಿರರ್’ ಎಂಬ ಒಂದೇ ಮಾತು. ಅದೇ ಮನೆ, ಕನ್ನಡಿಯಲ್ಲಿ ಕಂಡಂತೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಎಂದರ್ಥ. ಇವರು ಹಿಡಿದಿದ್ದು ಬರೆಯದೇ ಬಿಟ್ಟ ಈ ಮನೆ. ಶಿವಕಾಂತಾಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಈ ಕೆಲಸದವರೆಲ್ಲ ಮಾಡುವುದೇ ಹಾಗೆ: ಬರೆದ ಮನೆಯನ್ನು ಅಳತೆ ನೋಡಿ ನೋಡಿ ಕಟ್ಟುವುದು, ಎಲ್ಲ ಮುಗಿದು ಒಪ್ಪಿಸುವ ದಿನ ಒಂದೇ ಆಜ್ಞೆಯಲ್ಲಿ ತಿರುವಿ ಹಾಕುವುದು. ಮೊದಲೇ ತಿರುವಿದರೆ ಅಳತೆ ಓದುವಾಗ ತಲೆ ತಿರುಗುತ್ತದೆ. ಕೊನೆಗೆ ತಿರುವಿದರಾಯಿತು ಎಂದು ಅವಳೂ ಶುರು ಮಾಡಿದಳು.

ಎಂಥ ಮನೆ ಕಟ್ಟಿದಳು! ಬಾಗಿಲು ತೆಗೆದರೆ ಎಡಕ್ಕೆ ಅಡುಗೆಮನೆ, ಬಲಕ್ಕೆ ಉದ್ದನೆಯ ಪಡಸಾಲೆ, ಪಡಸಾಲೆಯ ತುದಿಗೆ ಮಲಗುವ ಕೋಣೆ, ಕೋಣೆಯಲ್ಲಿ ಕುಳಿತುಕೊಳ್ಳುವಷ್ಟು ಅಗಲದ ಕಟ್ಟೆಯಿರುವ ಕಿಟಕಿ. ಸ್ವಿಚ್ಚು ಎಲ್ಲೆಲ್ಲಿ ಬರುತ್ತವೆಂದು ವೈರಿಂಗಿನ ಹಾಳೆ ತರಿಸಿ ನೋಡಿದಳು. ಬಚ್ಚಲಿನ ನೀರು ಹೋಗುವ ಜಾಲರಿಯನ್ನೂ ಬಿಡಲಿಲ್ಲ. ತಮ್ಮ ಮನೆಯ ಗಾದ್ರೇಜ್ ಕಪಾಟು, ಅದರ ಮೇಲಿನ ನೆಗ್ಗು, ಅತ್ತೆಯ ದೇವರ ಜಗಲಿ, ರೇಣುವಿನ ಕಿಟಕಿಯ ಹಳದಿ ಪರದೆ, ಎಲ್ಲವೂ ಬಂದವು.

ಇನ್ನೂ ಅರ್ಧ ಕೆಲಸ ಇರುವಾಗಲೇ ಒಂದು ಮಧ್ಯಾಹ್ನ ರೇಣು ಬಂದು ತಾಯಿಯ ತೊಡೆ ಏರಿದಳು. ಬಾಣದ ಗುರುತಿನ ಗುಂಡಿ ಒತ್ತಿದಳು. ಬಾಗಿಲು ತೆರೆಯಿತು. ಬಲಗಡೆಯ ಗೋಡೆಗೆ ಆತುಕೊಂಡೇ ಪಡಸಾಲೆ ದಾಟಿ, ಕೋಣೆ ಹೊಕ್ಕು, ಕಿಟಕಿಯ ಮುಂದೆ ನಿಂತಳು. ಆ ಹೊತ್ತು ಅವಳ ಬಲಗೈ ಕಂಪ್ಯೂಟರಿನ ಪರದೆಯ ಮೇಲೆ, ಗೋಡೆಯ ಜೊತೆಗೇ ಸರಿಯುತ್ತಿತ್ತು. ರೇಣು ವಾಪಸು ಬಾಗಿಲಿಗೆ ಬಂದು ಮತ್ತೆ ಹೊರಟಳು. ಮತ್ತೆ. ಮತ್ತೆ.

ಅಂದಿನಿಂದ ಅದು ಅವಳ ಮನೆಯಾಯಿತು. ದಿನಾ ಏನಾದರೊಂದು ಕಡಿಮೆ ಬೀಳುತ್ತಿತ್ತು. ರೇಣು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ತಾಯಿಯ ಕೈಯನ್ನು ಎತ್ತಿ ಮೌಸಿನ ಮೇಲಿಟ್ಟು, ಗೋಡೆಯ ಖಾಲಿ ಜಾಗ ತೋರಿಸುವಳು. ಓಹೋ, ಇಲ್ಲಿ ಕ್ಯಾಲೆಂಡರ್ ಇಲ್ಲ. ನಾಳೆ ಪೊರಕೆ ಇಲ್ಲ. ನಾಡಿದ್ದು ಅಜ್ಜಿಯ ಚಪ್ಪಲಿ ಇಲ್ಲ.

ಚಂದಮ್ಮ ಅಕ್ಕಿ ಆರಿಸುತ್ತ ಚುಚ್ಚುತ್ತಿದ್ದರು: "ನಮ್ಮ ಸೊಸಿ ಗೊಂಬಿ ಮನಿ ಕಟ್ಟತಾಳವಾ. ದಿನಾ ಕಟ್ಟತಾಳ. ಒಂದಿನಾನೂ ಅಡಗಿ ಆಗೂದಿಲ್ಲ ಆ ಮನ್ಯಾಗ."

"ನಿಮ್ಮ ಚಪ್ಪಲ್ನೂ ಇಟ್ಟೀನ್ರಿ ಅತ್ತಿ, ನೋಡ್ರಿಲ್ಲೆ."

ಚಂದಮ್ಮ ಕನ್ನಡಕ ಏರಿಸಿ ನೋಡಿದರು. "ಅಯ್ಯ, ಹೆಬ್ಬಟ್ಟಿನ ಉಂಗುಷ್ಟ ಹರದದ್ದನ್ನೂ ಹಾಕಿದಿ ಏನ! ಹೊಸಾವು ಕೊಡಿಸಬಾರದಾ, ಹ್ಯಾಂಗೂ ಪುಕ್ಕಟ?"

ಆ ದಿನಗಳಲ್ಲಿ ಮನೆಯಲ್ಲಿ ನಗು ಇತ್ತು. ರೇಣುವಿಗೆ ಇನ್ನೊಂದು ಮಾತು ಹೊಸದಾಗಿ ಬಂತು. ಪರದೆಯ ಬಾಗಿಲು ತೆರೆಯುವಾಗೆಲ್ಲ "ಬಾ" ಎನ್ನುತ್ತಿದ್ದಳು. ಯಾರನ್ನು ಕರೆಯುತ್ತಿದ್ದಳೋ.

ತಿರುವಿ ಹಾಕುವುದು? ಅದು ಮುಗಿದ ಕೆಲಸಕ್ಕೆ ಮಾಡುವುದು. ಒಪ್ಪಿಸುವ ದಿನ ಎಂಬುದೊಂದು ಇರುವ ಕೆಲಸಕ್ಕೆ ಮಾಡುವುದು. ಈ ಮನೆಯನ್ನು ಯಾರಿಗೂ ಒಪ್ಪಿಸುವುದಿರಲಿಲ್ಲ, ಅದು ಮುಗಿಯಲೂ ಇಲ್ಲ. ಶಿವಕಾಂತಾಳಿಗೆ ಆ ಕೊನೆಯ ಆಜ್ಞೆ ನೆನಪಿಗೇ ಬರಲಿಲ್ಲ. ಅಂಬಾದಾಸ ಒಂದೆರಡು ಸಲ ಕಟ್ಟಡ ನೋಡಿ ಬಂದು, "ಛಲೋ ಆಗ್ಯಾದ, ನಿನ್ನ ಕಂಪ್ಯೂಟರದಾಗ ಇದ್ದಂಗೇ ಅದ" ಎಂದ. ಮಗಳನ್ನು ಬಿಟ್ಟು ಹೋಗಲಾಗದೆ, ಕರೆದುಕೊಂಡೂ ಹೋಗಲಾಗದೆ ಇವಳು ಮನೆಯಲ್ಲೇ ಉಳಿದಳು.

ಕೀಲಿಕೈ ಕೊಡುವ ದಿನ ಸಹಿಗೆಂದು ಅವಳೇ ಹೋಗಬೇಕಾಯಿತು. ವಾಚ್‌ಮನ್ "ತಾಈ, ಕಿಲ್ಲಿ ಘ್ಯಾ" ಎಂದು ಕೀಲಿಗೊಂಚಲು ಕೈಗಿಟ್ಟ. ಎದುರು ಫ್ಲಾಟಿನವರು ಆಗಲೇ ಬಂದು ಹಾಲು ಉಕ್ಕಿಸಿದ್ದರು, ಬಾಗಿಲಿಗೆ ತೋರಣವಿತ್ತು. ಶಿವಕಾಂತಾ ತಮ್ಮ ಬಾಗಿಲು ತೆಗೆದು, ಹೆಜ್ಜೆ ಒಳಗಿಟ್ಟು, ಬಲಕ್ಕೆ ತಿರುಗಿದಳು. ಅಡುಗೆಮನೆ. ಕಟ್ಟೆಯ ಕರಿ ಕಲ್ಲಿನ ಮೇಲೆ ಬಡಗಿ ಬಿಟ್ಟು ಹೋದ ಚಹದ ಲೋಟ.

ಪಡಸಾಲೆ ಎಡಕ್ಕಿತ್ತು.

ಅವಳಿಗೆ ಏನಾಗಿದೆಯೆಂದು ತಿಳಿಯಲು ಕ್ಷಣವೂ ಹಿಡಿಯಲಿಲ್ಲ. ಎಷ್ಟೋ ಜನರ ಮನೆಗಳನ್ನು ಹೀಗೆ ತಿರುವಿ ಹಾಕಿದ ಕೈ ಅದು. ಹೊಸ ಸುಣ್ಣದ ವಾಸನೆಯ ಆ ಖಾಲಿ ಮನೆಯಲ್ಲಿ ನೆಲಕ್ಕೆ ಕುಳಿತು, ಹಣೆ ಮೊಣಕಾಲಿಗಿಟ್ಟಳು.

ಶನಿವಾರ ಅಂಬಾದಾಸನಿಗೆ ಹೇಳಿದಳು. ಅವನಿಗೆ ಅದು ತಲೆಗೆ ಹೋಗಲಿಲ್ಲ.

"ಎಲ್ಲಾ ಅದೇ ಅದ ಅಲ್ಲ? ಎಡಕ್ಕಿದ್ದದ್ದು ಬಲಕ್ಕ, ಅಷ್ಟ. ಎರಡು ದಿನಕ್ಕ ರೂಢಿ ಆಗ್ತದ."

"ಆಕಿಗೆ ಎಡಾ ಬಲಾ ಅಷ್ಟ ಅಲ್ರಿ. ಬಲಗಡೆ ಗ್ವಾಡಿ ಹಿಡಕೊಂಡ ನಡೀತಾಳ ಆಕಿ. ಈ ಮನ್ಯಾಗ ಬಲಗಡೆ ಹಿಡದರ ಒಲಿಗೆ ಹೋಗಿ ಮುಟ್ಟತಾಳ."

"ಹಂಗಾದ್ರ ಕಂಪ್ಯೂಟರದಾಗ ತಿರುವಿ ತೋರಸು. ಒಂದು ಬಟನ್ ಅಂತಿದ್ದೆಲ್ಲ?"

ಒಂದು ಬಟನ್ನೇ ಹೌದು. ಮರುದಿನ ಬೆಳಿಗ್ಗೆ, ರೇಣು ಹಾಲು ಕುಡಿದು ಸಮಾಧಾನವಾಗಿದ್ದ ಹೊತ್ತು ನೋಡಿ, ಶಿವಕಾಂತಾ ಮನೆಯನ್ನು ತಿರುವಿ ಹಾಕಿದಳು. ರೇಣು ತೊಡೆ ಏರಿದಳು, ಗುಂಡಿ ಒತ್ತಿದಳು, "ಬಾ" ಎಂದಳು. ಬಾಗಿಲು ತೆರೆಯಿತು. ಬಲಗಡೆಯ ಗೋಡೆ ಅಡುಗೆ ಕಟ್ಟೆಗೆ ಒಯ್ಯಿತು. ಸುಮ್ಮನೆ ನೋಡಿದಳು. ನಿಧಾನವಾಗಿ ತಾಯಿಯ ಕೈ ಎತ್ತಿ ಮೌಸಿನ ಮೇಲಿಟ್ಟಳು. ಸರಿ ಮಾಡು ಎನ್ನುವಂತೆ.

"ಇದ ನಮ್ಮನಿ ಪುಟ್ಟಾ. ಹಿಂಗ ಅದ ನಮ್ಮನಿ."

ಮತ್ತೆ ಕೈ ಎತ್ತಿ ಇಟ್ಟಳು. ಮೂರನೆಯ ಸಲ ಆ ಕೈಯನ್ನು ಮೌಸಿಗೆ ಒತ್ತಿ ಒತ್ತಿ ಹಿಡಿದಳು. ಆಮೇಲೆ ತನ್ನ ಮಣಿಕಟ್ಟನ್ನೇ ಕಚ್ಚಿಕೊಂಡು ಕಿರುಚತೊಡಗಿದಳು. ಚಂದಮ್ಮ ಓಡಿ ಹೋಗಿ ಬಾಗಿಲು ಹಾಕಿದರು. ಅಂಬಾದಾಸ ಮಗಳನ್ನು ಎತ್ತಿಕೊಂಡು ಮನೆ ತುಂಬ ತಿರುಗಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಶಿವಕಾಂತಾ ಮನೆಯನ್ನು ಮೊದಲಿನಂತೆ ತಿರುವಿಟ್ಟಳು. ಮಗಳು ಬಿಕ್ಕುತ್ತ ಬಂದು, ಬಲಗಡೆಯ ಗೋಡೆ ಹಿಡಿದು, ಕಿಟಕಿಗೆ ಹೋಗಿ ನಿಂತಳು.

ಇನ್ನು ಉಳಿದಿದ್ದು ಒಂದೇ ದಾರಿ. ಪರದೆಯ ಆ ಮನೆ ಸುಳ್ಳಲ್ಲ. ಅದು ನಿಜವಾಗಿಯೂ ಇದೆ, ಲಿಫ್ಟಿನ ಆಚೆ, ತೋರಣ ಕಟ್ಟಿದ ಬಾಗಿಲ ಹಿಂದೆ.

ಎದುರು ಫ್ಲಾಟಿನವರು ಮೈಸೂರು ಕಡೆಯವರು. ಮಿಥುನ, ಸ್ಪಂದನಾ ಎಂಬ ಗಂಡ ಹೆಂಡತಿ, ಇಬ್ಬರೂ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ. ಮಿಥುನನ ತಾಯಿ ತಾಯಮ್ಮ ಸೊಸೆಯ ಬಸಿರು ನೋಡಿಕೊಳ್ಳಲು ಬಂದಿದ್ದರು. ಕನ್ನಡ ಕೇಳಿ ತಾಯಮ್ಮನ ಮುಖ ಅರಳಿತು.

"ಬಾ ತಾಯಿ, ಕೂತ್ಕೋ. ನಿಮ್ಮ ಕಡೆ ಕನ್ನಡ ಕೇಳಕ್ಕೆ ಚಂದ ಕಣಮ್ಮ. ಮಾತಾಡ್ತಾ ಇದ್ದೀರೋ ಜಗಳ ಆಡ್ತಾ ಇದ್ದೀರೋ ಅನ್ನೋದೊಂದು ಗೊತ್ತಾಗಲ್ಲ!"

"ಇವತ್ತ ಎರಡೂ ಅಲ್ರಿ. ಕೇಳಾಕ ಬಂದೀನಿ" ಎಂದು ಶಿವಕಾಂತಾ ನಗಲು ನೋಡಿದಳು. ನಗು ಬರಲಿಲ್ಲ. ಎಲ್ಲವನ್ನೂ ಹೇಳಿದಳು. ಮಾತು ಹೋದದ್ದು, ಬಂದದ್ದು, ತಾನು ತಿರುವಲು ಮರೆತದ್ದು. "ಕಾಗದಾ ಗೀಗದಾ ಏನೂ ಬ್ಯಾಡ್ರಿ. ಬರೇ ಇರೂದು. ನೀವು ನಮ್ಮದರಾಗ, ನಾವು ನಿಮ್ಮದರಾಗ. ಒಂದ್ ವರ್ಷ ಸಾಕು. ಆಕಿ ಮಾತ ಗಟ್ಟಿ ಆಗೂತನಾ."

ಸ್ಪಂದನಾಳ ಕಣ್ಣು ತುಂಬಿ ಬಂದವು. "ಅಕ್ಕ, ನನಗೆ ಓಕೆ. ಮಿಥುನ್ ಹತ್ರ ಮಾತಾಡ್ತೀನಿ. ಅತ್ತೆ, ಏನಂತೀರಾ?"

ತಾಯಮ್ಮ ಶಿವಕಾಂತಾಳ ಕೈ ಹಿಡಿದುಕೊಂಡರು. "ಬೇಜಾರು ಮಾಡ್ಕೋಬೇಡ ಕಣವ್ವ. ಹೋದ ವರ್ಷ ಇವಳಿಗೆ ಐದು ತಿಂಗಳು ತುಂಬಿದ ಮೇಲೆ ಮಗು ಹೋಯ್ತು. ಹಿಂದಿನ ಮನೇಲಿ ಒಲೆ ನೈಋತ್ಯಕ್ಕಿತ್ತು. ಇಲ್ಲಿ ಆಗ್ನೇಯಕ್ಕೆ ಬರುತ್ತೆ ಅಂತಲೇ ಈ ಮನೆ ಹಿಡಿದಿದ್ದು. ನಿಮ್ಮ ಕಡೆಗೆ ಹೋದರೆ ಮತ್ತೆ ಅದೇ ನೈಋತ್ಯ. ನೀನು ನಗಬಹುದು, ಓದಿದವಳು. ನನಗೆ ಧೈರ್ಯ ಇಲ್ಲ."

ಶಿವಕಾಂತಾ ನಗಲಿಲ್ಲ. ಅವಳಿಗಿಂತ ಚೆನ್ನಾಗಿ ಆ ಹೆದರಿಕೆ ಇನ್ಯಾರಿಗೆ ತಿಳಿಯಬೇಕು? ಗೋಡೆಯೊಂದು ಇರಬೇಕಾದ ಕಡೆ ಇರದಿದ್ದರೆ ಮಗು ಹೋಗಿಬಿಡುತ್ತದೆ ಎಂದು ಅವಳೂ ನಂಬಿದ್ದಳಲ್ಲ. "ಇರಲಿ ಬಿಡ್ರಿ. ಕೂಸು ಛಲೋ ಆಗಲಿ" ಎಂದು ಎದ್ದು ಬಂದಳು.

ದೀಪಾವಳಿಗೆ ಮುಂಚೆ ಸಾಮಾನು ಸಾಗಿಸಿದರು. ಬಾಗಿಲ ತನಕ ರೇಣು ಚೆನ್ನಾಗಿಯೇ ಬಂದಳು. ಬಾಗಿಲ ಬಣ್ಣ, ಮೇಲಿನ ಹಿತ್ತಾಳೆ ಚಿಲಕ, ಎಲ್ಲ ಅವಳಿಗೆ ಗೊತ್ತಿದ್ದವೇ. ಮುಖದಲ್ಲಿ ಒಂದು ಬೆಳಕು ಕೂಡ ಬಂತು. "ಬಾ" ಎಂದು, ಒಳಗೆ ಕಾಲಿಟ್ಟು, ಬಲಗೈ ಚಾಚಿದಳು. ಗೋಡೆ ಸಿಕ್ಕಿತು. ಹಿಡಿದುಕೊಂಡು ನಡೆದಳು. ಗೋಡೆ ತಿರುಗಿ ಅಡುಗೆ ಕಟ್ಟೆಗೆ ಒಯ್ದು ನಿಲ್ಲಿಸಿತು. ಅಲ್ಲಿ ಹಳದಿ ಪರದೆ ಇರಲಿಲ್ಲ, ಕಿಟಕಿಯ ಕಟ್ಟೆ ಇರಲಿಲ್ಲ. ತಿರುಗಿ ಬಾಗಿಲಿಗೆ ಬಂದು ಮೊದಲಿನಿಂದ ನಡೆದಳು. ಮತ್ತೆ ಒಲೆ. ಅವಳು ಕಿರುಚಲಿಲ್ಲ. ಕಿರುಚಿದ್ದರೆ ಶಿವಕಾಂತಾಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಆಗ ಎದುರು ಬಾಗಿಲು ತೆರೆದು ಸ್ಪಂದನಾ ಬಂದಳು, ಕೈಯಲ್ಲಿ ರೇಣುವಿಗೆಂದು ಕೋಡುಬಳೆ. ಅವಳ ಪಕ್ಕದಿಂದ ರೇಣು ನುಸುಳಿ ಆ ಮನೆ ಹೊಕ್ಕಳು. ಬಲಗೈ ಗೋಡೆಗೆ. ಪಡಸಾಲೆ, ಕೋಣೆ, ಕಿಟಕಿ. ಕಟ್ಟೆ ಏರಿ ಕಾಲು ಮಡಚಿ ಕುಳಿತಳು. ಹಾಸಿಗೆಯ ಮೇಲೆ ಬಟ್ಟೆ ಮಡಚುತ್ತಿದ್ದ ತಾಯಮ್ಮ ಕೈಯಲ್ಲಿ ಸೀರೆ ಹಿಡಿದುಕೊಂಡೇ ನೋಡುತ್ತ ನಿಂತರು. ಶಿವಕಾಂತಾ ಬಾಗಿಲಾಚೆ ನಿಂತು, "ಏಳ ಪುಟ್ಟಾ, ಇದು ಅವರ ಮನಿ" ಎಂದಳು.

"ಕೂತಿರಲಿ ಬಿಡು" ಎಂದರು ತಾಯಮ್ಮ. "ಕೂತ್ಕೊಳಕ್ಕೆ ಏನಂತೆ."

ಹೀಗೆ ಆ ಹೊಸ ಬದುಕು ಶುರುವಾಯಿತು. ಬೆಳಿಗ್ಗೆ ಎದ್ದರೆ ರೇಣು ಎದುರು ಮನೆಯ ಕಿಟಕಿಯಲ್ಲಿ. ಊಟಕ್ಕೆ, ನಿದ್ದೆಗೆ ಎತ್ತಿಕೊಂಡು ಬರಬೇಕು. ತರುವಾಗ ಅವಳ ಮೈ ಕಟ್ಟಿಗೆಯಂತಾಗುತ್ತಿತ್ತು. ತಾಯಮ್ಮ ಅವಳಿಗೆ ಅಕ್ಕಿ ರೊಟ್ಟಿ ತಿನ್ನಿಸುವರು, ಏನೇನೋ ಹೇಳುವರು. ಸಂಜೆ ಚಂದಮ್ಮ ಮೆಲ್ಲಗೆ ಸೊಸೆಯನ್ನು ಕೇಳುವರು: "ಏನರೆ ಅಂದಳಂತೇನ ಅಲ್ಲೆ?"

"ಇಲ್ರಿ ಅತ್ತಿ."

ಮೊದಲು ಹೋದದ್ದು ಬಾ. ನೀರ ಎಂಬುದು ಸ್ವಲ್ಪ ದಿನ ತುಟಿಯಲ್ಲಿ ಆಡಿ ನಿಂತಿತು. ಅವ್ವಾ ಯಾವ ದಿನ ನಿಂತಿತೆಂದು ಶಿವಕಾಂತಾಳಿಗೆ ತಿಳಿಯಲಿಲ್ಲ. ಇವತ್ತು ಅನ್ನಲಿಲ್ಲ, ನಾಳೆ ಅಂದಾಳು ಎಂದು ಕಾಯುತ್ತಲೇ ದಿನಗಳು ಹೋದವು.

ಸ್ಪಂದನಾಳಿಗೆ ತಿಂಗಳು ತುಂಬುತ್ತ ಬಂತು. ಒಂದು ದಿನ ಅವಳೇ ಬಂದು, ಕೈ ಹೊಸೆಯುತ್ತ ನಿಂತಳು. "ಅಕ್ಕ, ಡಾಕ್ಟ್ರು ಬೆಡ್ ರೆಸ್ಟ್ ಹೇಳಿದ್ದಾರೆ. ಆ ರೂಮಲ್ಲೇ ಮಲಗಬೇಕು. ಆಮೇಲೆ ಪಾಪು ಬಂದ್ರೆ... ಹೊರಗಿನವರು ಬೇಡ ಅಂತ ಅತ್ತೆ..."

"ಹೌದವಾ. ಸರಿ ಅದ. ನೀ ಏನೂ ಮನಸಿಗೆ ಹಚ್ಚಗೋಬ್ಯಾಡ."

ಮರುದಿನ ಬೆಳಿಗ್ಗೆ ಎದುರು ಬಾಗಿಲು ಮುಚ್ಚಿತ್ತು. ರೇಣು ಹೋಗಿ ಅದಕ್ಕೆ ಬಲಗೈ ಹಚ್ಚಿ ನಿಂತಳು. ತಟ್ಟಲಿಲ್ಲ. ಶಿವಕಾಂತಾ ಕರೆದಳು, ಎತ್ತಿಕೊಳ್ಳಲು ನೋಡಿದಳು, ಕಡೆಗೆ ಮಗಳ ಪಕ್ಕದಲ್ಲೇ ಲಿಫ್ಟಿನ ಮುಂದಿನ ತಣ್ಣನೆಯ ನೆಲದ ಮೇಲೆ ಕುಳಿತಳು. ಲಿಫ್ಟು ಬಂತು, ಹೋಯಿತು. ಮೇಲಿನ ಮನೆಯವರು ಬಗ್ಗಿ ನೋಡಿ ಹೋದರು. ಮಧ್ಯಾಹ್ನ ಚಂದಮ್ಮ ತಾಟಿನಲ್ಲಿ ರೊಟ್ಟಿ, ಹಾಲು ತಂದು, ಮೊಣಕಾಲು ಹಿಡಿದುಕೊಂಡು, ಅವರ ಎದುರಿಗೇ ಕುಳಿತರು.

"ಒಳಗ ಬರೂದಿಲ್ಲ ಅಂದ್ರ ಇಲ್ಲೇ ಉಣ್ಣಲಿ" ಎಂದು ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿದರು. ಯಾರಾದರೂ ಕೇಳಿದರೆ ಹೇಳಬೇಕಾದ ಸುಳ್ಳು ಅಂದು ಅವರ ಬಾಯಲ್ಲಿ ಇರಲಿಲ್ಲ.

ಅಂದು ಶನಿವಾರ. ಸಂಜೆ ಬಾರಾಮತಿಯಿಂದ ಬಂದ ಅಂಬಾದಾಸ ಲಿಫ್ಟಿನಿಂದ ಹೊರಗೆ ಕಾಲಿಟ್ಟವನು ಅಲ್ಲೇ ನಿಂತ. ತಮ್ಮ ಮನೆಯ ಬಾಗಿಲು ಪೂರಾ ತೆರೆದಿತ್ತು, ಒಳಗೆ ದೀಪ ಉರಿಯುತ್ತಿತ್ತು, ಒಳಗೆ ಯಾರೂ ಇರಲಿಲ್ಲ.

"ನಡೀರಿ, ಒಳಗ ಹೋಗೂಣು" ಎಂದ.

"ಇನ್ನೊಂದೀಟು ಇರ್ರಿ" ಎಂದಳು ಶಿವಕಾಂತಾ, ಮಗಳ ಮೇಲಿನ ಕಣ್ಣು ಕೀಳದೆ.

ಅವನು ಚೀಲ ಗೋಡೆಗಿಟ್ಟು, ಚಪ್ಪಲಿ ಕಳಚಿ, ಅವಳ ಪಕ್ಕದಲ್ಲಿ ಕುಳಿತ.